ಕರೆಂಟ್ ಬೈಕು ಬಂದ ಮೇಲೆ ಮೈಕ್ ಮಾವ

ಮೈಕ್ ಮಾವನ ಕಸುಬು ಮೈಕಿನದಲ್ಲ, ಸೂಜಿಯದು. ಮುಖ್ಯರಸ್ತೆ ಮುಗಿಯುವಲ್ಲಿ, ಟಯರ್ ಅಂಗಡಿಗೂ ಗಾಜಿನಂಗಡಿಗೂ ನಡುವೆ ಸಿಕ್ಕಿಕೊಂಡ ಉದ್ದನೆಯ ಕೋಣೆಯೊಂದರಲ್ಲಿ ಕೂತು ಅವನು ಬೈಕಿನ ಸೀಟುಗಳಿಗೆ ಕವರ್ ಹೊಲಿಯುತ್ತಿದ್ದ. ಗೋಡೆಗೆ ಒರಗಿಸಿದ ರೆಕ್ಸಿನ್ ಸುರುಳಿಗಳು, ನೆಲದ ತುಂಬ ಫೋಮಿನ ಚೂರುಗಳು, ನಡುವೆ ದಪ್ಪ ಸೂಜಿಯ ಹೊಲಿಗೆ ಮೆಷಿನ್, ಅದರ ಹಿಂದೆ ಬೆನ್ನು ಬಾಗಿಸಿದ ಮಾವ. ಗಿರಾಕಿ ಬಂದು ಯಾವಾಗ ಕೊಡುತ್ತೀರಿ ಎಂದು ಕೇಳಿದರೆ ಹಲ್ಲಿನಲ್ಲಿ ಕಚ್ಚಿಕೊಂಡ ದಾರವನ್ನು ತೆಗೆಯದೆ ಕ್ಯಾಲೆಂಡರಿನ ಕಡೆಗೆ ಗದ್ದ ತೋರಿಸುತ್ತಿದ್ದ. ಇಷ್ಟು ಅಳೆದು ತೂಗಿ ಮಾತಾಡುವ ಮನುಷ್ಯನಿಗೆ ಈ ಹೆಸರು ಹೇಗೆ ಬಂತು ಎಂದು ಹೊಸಬರು ಕೇಳಿದರೆ ಹಳಬರು, "ಭಾನುವಾರ ಟ್ರ್ಯಾಕ್ ಕಡೆ ಬಾ, ಗೊತ್ತಾಗುತ್ತೆ" ಎನ್ನುತ್ತಿದ್ದರು.

ಟ್ರ್ಯಾಕ್ ಇದ್ದದ್ದು ಊರಾಚೆ, ಹಿಂದೊಮ್ಮೆ ಇಟ್ಟಿಗೆ ಗೂಡುಗಳಿದ್ದ ಬಯಲಿನಲ್ಲಿ. ಮಾವನ ಹೆಂಡತಿಯ ತಮ್ಮ ಅದನ್ನು ಹಿಡಿದು, ಮಣ್ಣು ಪೇರಿಸಿ ದಿಬ್ಬ ಮಾಡಿ, ತೋಡಿ ಹಳ್ಳ ಮಾಡಿ, ಹಾವಿನಂತೆ ಸುತ್ತಿ ಬರುವ ಒಂದು ದಾರಿ ಕಡಿಸಿದ್ದ. ಅದರ ಮೇಲೆ ಬೈಕು ಓಡಿಸುವುದಕ್ಕಿಂತ ಹಾರಿಸುವುದೇ ಹೆಚ್ಚು. ಮೋಟೋಕ್ರಾಸ್ ಎಂದರೆ ಅಷ್ಟೇ: ಸುಮ್ಮನೆ ಮನೆಯಲ್ಲಿ ಕೂತಿದ್ದರೆ ಆರೋಗ್ಯವಾಗಿ ಇರಬಹುದಾದ ಜನ ಮೈಗೆಲ್ಲ ಮಣ್ಣು ಮೆತ್ತಿಕೊಂಡು ಯಾರು ಮೊದಲು ಬೀಳುತ್ತೇವೆ ಎಂದು ನೋಡಿಕೊಳ್ಳುವ ಆಟ. ಭಾನುವಾರ ಬಂತೆಂದರೆ ಆ ಬಯಲು ಪೆಟ್ರೋಲು ಹೊಗೆಯಲ್ಲಿ ಮುಳುಗುತ್ತಿತ್ತು. ಗೇಟಿನಲ್ಲಿ ಟಿಕೆಟ್ ಹರಿದು ಕೊಡುವುದು, ಅದರ ಪಕ್ಕದಲ್ಲೇ ಟೀ ಕಾಯಿಸುವುದು, ಎರಡೂ ಮಾವನ ಹೆಂಡತಿಯ ಕೆಲಸ. ಸಂಬಳ ಕೇಳದ ಅಕ್ಕ, ಸಂಬಳ ಕೇಳದ ಭಾವ, ಇಬ್ಬರೂ ಸಿಕ್ಕ ಮೇಲೆ ಭಾಮೈದನ ಟ್ರ್ಯಾಕ್ ನಡೆಯದೆ ಇನ್ನೇನು.

ಮಾವ ಮೈಕು ಹಿಡಿದದ್ದು ಆಕಸ್ಮಿಕ. ಟ್ರ್ಯಾಕ್ ಶುರುವಾದ ಹೊಸತರಲ್ಲಿ ಮೈಕಿಗೆ ಗೊತ್ತುಮಾಡಿದ್ದವನ ಗಂಟಲು ಕಟ್ಟಿತು. ಹೊಲಿದ ಸೀಟು ತಲುಪಿಸಲು ಬಂದಿದ್ದ ಮಾವನನ್ನು ಭಾಮೈದ ರಟ್ಟೆ ಹಿಡಿದು ಕಬ್ಬಿಣದ ಅಟ್ಟಣಿಗೆ ಹತ್ತಿಸಿದ. ಮಾವ ಆ ದಿನ ಕಂಡದ್ದನ್ನೆಲ್ಲ ನಿಷ್ಠೆಯಿಂದ ಹೇಳಿದ. ಕೆಳಗಿಳಿದ ಮೇಲೆ, "ಹೇಗಿತ್ತು?" ಎಂದು ಕೇಳಿದರೆ ಎಲ್ಲರೂ, "ಚೆನ್ನಾಗಿತ್ತು, ಚೆನ್ನಾಗಿತ್ತು" ಎಂದರು. ಹೆಂಡತಿ ಮಾತ್ರ ನಿಜ ಹೇಳಿದಳು.

"ಏನು ಹೇಳಿದ್ರೋ ಯಾರಿಗೆ ಗೊತ್ತು. ಆ ಗಾಡಿ ಸದ್ದಿನಲ್ಲಿ ಒಂದಕ್ಷರ ಕೇಳಿಸ್ಲಿಲ್ಲ."

ಬೇರೆ ಯಾರಾದರೂ ಆಗಿದ್ದರೆ ಬೇಜಾರು ಪಡುತ್ತಿದ್ದರು. ಮಾವನಿಗೆ ಮಾತ್ರ ಒಳಗೊಳಗೇ ಏನೋ ಬಿಡುಗಡೆಯಾದಂತೆ ಆಯಿತು. ಮನೆಯಲ್ಲಿ ಅವನ ಸ್ಥಿತಿ ಏನೆಂದರೆ, ಅವನು ವಾಕ್ಯ ಶುರು ಮಾಡುತ್ತಿದ್ದ, ಹೆಂಡತಿ ಮುಗಿಸುತ್ತಿದ್ದಳು. "ಇವತ್ತು ಅಂಗಡಿಗೆ ಒಬ್ಬ..." ಎನ್ನುವಷ್ಟರಲ್ಲಿ, "ಬಂದ, ಸೀಟು ಸರಿಯಿಲ್ಲ ಅಂದ, ನೀವು ಸುಮ್ಮನಿದ್ರಿ, ಅಷ್ಟೇ ತಾನೆ, ಕೈತೊಳ್ಕೊಳ್ಳಿ" ಎಂದು ಬಿಡುತ್ತಿದ್ದಳು. ಅಷ್ಟೇ ಆಗಿರುತ್ತಿತ್ತು ಎಂಬುದು ಇನ್ನೂ ಸಂಕಟದ ವಿಷಯ. ಹೀಗೆ ಬಾಯಿಂದ ಹೊರಗೆ ಬರದ ಅರ್ಧ ವಾಕ್ಯಗಳು ಹೊಟ್ಟೆಯಲ್ಲಿ ಗುಡ್ಡೆ ಬಿದ್ದಿದ್ದವು. ಈಗ ಯಾರಿಗೂ ಕೇಳಿಸದ ಮೈಕೊಂದು ಸಿಕ್ಕಿತು. ಹಸಿದವನಿಗೆ ಬಾಗಿಲು ತೆರೆದ ಉಗ್ರಾಣ ಸಿಕ್ಕಂತೆ ಆಯಿತು.

ಮುಂದಿನ ವಾರದಿಂದ ಮಾವ ಎರಡೂ ಕಿವಿಗೆ ಹತ್ತಿ ತುರುಕಿ, ಮೇಲೆ ಮಫ್ಲರ್ ಬಿಗಿದು, ಅಟ್ಟಣಿಗೆ ಹತ್ತತೊಡಗಿದ. ರೇಸಿಗೆ ಮುಂಚೆ ಗಾಡಿಗಳು ಆಫ್ ಆಗಿರುವಾಗ ಸ್ವಾಗತ, ಸೂಚನೆ, ಯಾರದೋ ಕಳೆದುಹೋದ ಕೀಲಿಕೈ, ಎಲ್ಲವನ್ನೂ ಕ್ರಮವಾಗಿ ಹೇಳುತ್ತಿದ್ದ. ಬಾವುಟ ಬಿದ್ದು ಗಾಡಿಗಳು ಗುಡುಗಿದವೋ, ಮಾವನ ಹೊಟ್ಟೆಯೊಳಗಿನ ಬಾಗಿಲೂ ತೆರೆಯುತ್ತಿತ್ತು. ಮಂಡಿ ನೋವು, ಗಾಜಿನಂಗಡಿಯವನ ಜಂಬ, ಭಾಮೈದನ ಜಿಪುಣತನ, ಹೆಂಡತಿಯ ಬಾಯಿ, ಎಲ್ಲವೂ ಕೊಳವೆ ಸ್ಪೀಕರಿನಿಂದ ಹೊರಟು ಸೈಲೆನ್ಸರುಗಳ ಅಬ್ಬರದಲ್ಲಿ ಕರಗಿಹೋಗುತ್ತಿದ್ದವು. ಕೈ ಬೀಸುವುದು, ಎದ್ದು ನಿಲ್ಲುವುದು, ಮೈಕನ್ನು ಬಾಯಿಗೆ ಒತ್ತಿಕೊಳ್ಳುವುದು ನೋಡಿದ ಜನ, "ಮಾವನಿಗೆ ಏನು ಹುರುಪು ನೋಡು" ಎಂದು ಮೆಚ್ಚಿಕೊಳ್ಳುತ್ತಿದ್ದರು. ಹೀಗೆ ಹದಿನೈದು ಇಪ್ಪತ್ತು ವರ್ಷ ನಡೆಯಿತು. ಅಷ್ಟು ವರ್ಷದಲ್ಲಿ ಮೈಕ್ ಮಾವ ಒಂದೇ ಒಂದು ರೇಸನ್ನೂ ಸರಿಯಾಗಿ ನೋಡಿರಲಿಲ್ಲ.

ಅಷ್ಟರಲ್ಲಿ ಊರು ಬೆಳೆದು ಟ್ರ್ಯಾಕಿನ ಬೇಲಿಯವರೆಗೂ ಬಂತು. ಇಟ್ಟಿಗೆ ಗೂಡಿನಾಚೆ ನಾಲ್ಕು ಅಂತಸ್ತಿನ ಮನೆಗಳು ಎದ್ದವು. ಆ ಮನೆಗಳವರಿಗೆ ಭಾನುವಾರ ಮಧ್ಯಾಹ್ನ ಮಲಗುವ ಚಟ. ಅವರು ಪುರಸಭೆಗೆ ಹೋದರು, ಪುರಸಭೆಯವರು ಭಾಮೈದನ ಹತ್ತಿರ ಬಂದರು, ಸದ್ದು ನಿಲ್ಲಿಸು, ಇಲ್ಲ ಟ್ರ್ಯಾಕು ನಿಲ್ಲಿಸು ಎಂದು ಹೇಳಿ ಟೀ ಕುಡಿದು ಹೋದರು. ಭಾಮೈದ ಕೆಲವು ದಿನ ತಲೆ ಮೇಲೆ ಕೈ ಹೊತ್ತು ಕೂತ. ಆಮೇಲೆ ಎಲ್ಲಿಂದಲೋ ಸುದ್ದಿ ಹಿಡಿದು ತಂದ: ಕರೆಂಟಿನಲ್ಲಿ ಓಡುವ ಮೋಟೋಕ್ರಾಸ್ ಬೈಕುಗಳು ಬಂದಿವೆ, ಹೊಗೆಯಿಲ್ಲ, ಸದ್ದಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಅವನು ಅವನ್ನು ಬಾಡಿಗೆಗೆ ತರಿಸಿ ಸಾಲಾಗಿ ನಿಲ್ಲಿಸಿದ.

ಸವಾರರಲ್ಲಿ ಎರಡು ಪಕ್ಷವಾಯಿತು. ಮೊದಲು ಒಪ್ಪಿದವಳು ಹಲ್ಲಿನ ಡಾಕ್ಟರಮ್ಮ. ವಾರವೆಲ್ಲ ಊರಿನವರ ಹಲ್ಲು ಕಟ್ಟಿ, ಭಾನುವಾರ ತನ್ನ ಹಲ್ಲನ್ನು ಪಣಕ್ಕಿಡುವ ಹುಡುಗಿ ಅವಳು. ಟ್ರ್ಯಾಕಿನಲ್ಲಿ ಅವಳಿಗಿಂತ ವೇಗ ಯಾರಿಗೂ ಇರಲಿಲ್ಲ. "ಕ್ಲಚ್ ಇಲ್ಲ, ಗೇರ್ ಇಲ್ಲ, ಕೈ ತಿರುವಿದ್ರೆ ಹೊರಟೇಬಿಡುತ್ತೆ. ಇನ್ನೇನು ಬೇಕು?" ಎಂದಳು. ಒಪ್ಪದವನು ಅವಳ ಎದುರಾಳಿ, ಮೀನಂಗಡಿಯವನು. ಮಂಜುಗಡ್ಡೆಯ ಪೆಟ್ಟಿಗೆಯಷ್ಟೇ ಅಗಲದ ಮನುಷ್ಯ. ಅವನು ಹೊಸ ಬೈಕನ್ನು ಸುತ್ತುಹಾಕಿ ಬಗ್ಗಿ ಮೂಸಿ ನೋಡಿ, "ಇದಕ್ಕೆ ವಾಸನೇನೇ ಇಲ್ವಲ್ಲ" ಎಂದು ನೊಂದುಕೊಂಡ. ಮೀನಿನ ವಾಸನೆ ಹೋಗಲೆಂದೇ ಪೆಟ್ರೋಲಿನ ನಡುವೆ ಭಾನುವಾರ ಕಳೆಯುತ್ತಿದ್ದ ಮನುಷ್ಯ, ಪಾಪ. ಕೊನೆಗೆ ಬೇರೆ ದಾರಿಯಿಲ್ಲದೆ ಹತ್ತಿದ. ಮೊದಲ ಸಲ ಕೈ ತಿರುವಿದಾಗ ಬೈಕು ಹೋಯಿತು, ಅವನು ಅಲ್ಲೇ ಉಳಿದ.

ಮೈಕ್ ಮಾವ ಮಾತ್ರ ಖುಷಿಯಲ್ಲಿದ್ದ. ಹೊಸ ಬೈಕಿನ ಸೀಟು ಕಿರಿದು, ಉದ್ದ, ಮುಂದಕ್ಕೆ ಹೋಗುತ್ತಾ ಟ್ಯಾಂಕಿರುತ್ತಿದ್ದ ಜಾಗದವರೆಗೂ ಏರುವಂಥದ್ದು. ಜಾರದ ಹಾಗೆ ಗೀರು ಗೀರು ಬಟ್ಟೆಯಲ್ಲಿ ಅವನ್ನು ಹೊಲಿಯುವ ಕೆಲಸ ಅವನ ಪಾಲಿಗೆ ಬಂತು. ಬೈಕುಗಳು ಅಂಗಡಿಗೆ ಬಂದದ್ದು ಟೆಂಪೋದಲ್ಲಿ, ಹೋದದ್ದು ಟೆಂಪೋದಲ್ಲಿ. ಓಡುವುದನ್ನು ಅವನು ನೋಡಲೂ ಇಲ್ಲ, ಕೇಳಲೂ ಇಲ್ಲ. ಸದ್ದು ಕಡಿಮೆಯಂತೆ ಎಂದು ಯಾರೋ ಹೇಳಿದ್ದರು. ಕಡಿಮೆಯೆಂದರೆ ಸ್ಕೂಟರಿನಷ್ಟಾದರೂ ಇರುತ್ತದಲ್ಲ ಎಂದುಕೊಂಡಿದ್ದ.

ಕರೆಂಟ್ ಬೈಕುಗಳ ಮೊದಲ ರೇಸಿನ ಭಾನುವಾರ ಬಂತು. ಹೊಸತನ್ನು ನೋಡುವ ಆಸೆಗೆ ಎಂದಿಗಿಂತ ಹೆಚ್ಚು ಜನ. ಬೈಕುಗಳ ಹೊಟ್ಟೆಗೆ ಕರೆಂಟು ತುಂಬಲು ಭಾಮೈದ ಮೂಲೆಯಲ್ಲೊಂದು ಡೀಸೆಲ್ ಜನರೇಟರ್ ಇಟ್ಟಿದ್ದ. ಗಲಾಟೆ ಬೇಡವೆಂದು ತಂದ ಬೈಕಿಗೆ ಊಟ ಹಾಕಲು ಅದಕ್ಕಿಂತ ದೊಡ್ಡ ಗಲಾಟೆ. ಬೆಳಗಿನಿಂದ ಅದು ಗುಡುಗುತ್ತಲೇ ಇತ್ತು. ಮಾವ ಅದರ ಮಧ್ಯೆಯೇ ಸ್ವಾಗತ ಹೇಳಿದ, ಅಭ್ಯಾಸದಂತೆ ಹತ್ತಿ ತುರುಕಿಕೊಂಡ, ಮಫ್ಲರ್ ಬಿಗಿದ, ಮೈಕು ಹಿಡಿದು ಬಾವುಟದ ಕಡೆ ನೋಡಿದ. ರೇಸು ಶುರುವಾಗುವ ಹೊತ್ತಿಗೆ ಭಾಮೈದ ಜನರೇಟರ್ ಆಫ್ ಮಾಡಿಸಿದ. ಬಾವುಟ ಬಿತ್ತು. ಬೈಕುಗಳು ಬಟ್ಟೆ ಹರಿದಂಥ ಸಣ್ಣ ಸದ್ದಿನೊಂದಿಗೆ ಹೊರಟುಹೋದವು. ಬಯಲಿನಲ್ಲಿ ಟಯರು ಮಣ್ಣು ಕೆರೆಯುವುದು, ಚೈನಿನ ಕಟಕಟ, ಸವಾರರ ಉಸಿರು, ಎಲ್ಲ ಸ್ಪಷ್ಟವಾಗಿ ಕೇಳತೊಡಗಿತು. ಹತ್ತಿಯೊಳಗಿದ್ದ ಮಾವನಿಗೆ ಎಂದಿನಂತೆಯೇ ಏನೂ ಕೇಳಲಿಲ್ಲ.

ಅವನು ಉಗ್ರಾಣದ ಬಾಗಿಲು ತೆರೆದ.

"ಮಹಾಜನರೇ, ಅಲ್ಲಿ ನೋಡಿ, ಬಿಳಿ ಶರ್ಟ್ ಹಾಕ್ಕೊಂಡು ಸೊಂಟದ ಮೇಲೆ ಕೈ ಇಟ್ಕೊಂಡು ನಿಂತಿದಾನಲ್ಲ, ನಮ್ಮ ಭಾಮೈದ. ಆ ಶರ್ಟ್ ನಂದು. ಯಾರದೋ ಮದುವೆಗೆ ಅಂತ ಇಸ್ಕೊಂಡು ಹೋದ. ಮದುವೆ ಆದವರ ಮಕ್ಕಳು ಈಗ ಶಾಲೆಗೆ ಹೋಗ್ತಿದಾರೆ. ಶರ್ಟ್ ಇನ್ನೂ ಮದುವೆ ಮನೇಲೇ ಇದೆ."

ಜನ ಭಾಮೈದನ ಕಡೆ ತಿರುಗಿದರು. ಭಾಮೈದ ಸೊಂಟದ ಮೇಲಿನ ಕೈ ತೆಗೆದ.

"ಟ್ರ್ಯಾಕಿನ ಮಣ್ಣು ಹೊರಗಿನಿಂದ ತರಿಸಿದ್ದು ಅಂತ ಎಲ್ಲರಿಗೂ ಹೇಳ್ಕೊಂಡು ತಿರುಗ್ತಾನೆ. ಸುಳ್ಳಲ್ಲ, ಹೊರಗಿನಿಂದಾನೇ. ಅವನ ಮನೆ ಕಕ್ಕಸು ಗುಂಡಿ ತೋಡಿದಾಗ ಬಂದ ಮಣ್ಣು. ಗುಂಡಿ ಇರೋದು ಮನೆ ಹೊರಗೇ ತಾನೆ."

ಅದೇ ಹೊತ್ತಿಗೆ ತಿರುವಿನಲ್ಲಿ ಬಿದ್ದು ಬಾಯಿ ತುಂಬ ಮಣ್ಣು ತುಂಬಿಕೊಂಡು ಏಳುತ್ತಿದ್ದ ಮೀನಂಗಡಿಯವನು ಅದನ್ನು ಕೇಳಿಸಿಕೊಂಡ. ಅವನು ಉಗಿದ ಉಗಿತ ಗೇಟಿನವರೆಗೂ ಕೇಳಿಸಿತು.

"ಇನ್ನು ನೀವು ಕೂತಿರೋ ಮರದ ಮೆಟ್ಟಿಲು. ಮೂರನೇ ಸಾಲಿನವರು ದಯವಿಟ್ಟು ಜೋರಾಗಿ ನಗಬೇಡಿ. ಅದಕ್ಕೆ ಮೊಳೆ ಹೊಡೆದವನೂ ಅವನೇ. ಅರ್ಧ ಮೊಳೆ ಉಳಿಸಿ ಮನೆಗೆ ತಗೊಂಡು ಹೋದ."

ಮೂರನೇ ಸಾಲು ಒಟ್ಟಿಗೆ ಎದ್ದು ನಿಂತಿತು. ಮಾವ ಅದನ್ನು ಮೇಲಿನಿಂದ ನೋಡಿದ. ಎಲ್ಲರ ಮುಖವೂ ತನ್ನ ಕಡೆಗೇ ಇದೆ, ಎಲ್ಲರ ಬಾಯೂ ತೆರೆದಿದೆ. ಇವತ್ತು ರೇಸು ಬಹಳ ಜೋರಾಗಿದೆ ಎಂದು ಅವನಿಗೆ ಹುರುಪು ಇಮ್ಮಡಿಯಾಯಿತು.

"ನಮ್ಮನೆಯವಳು ಗೇಟ್ ಹತ್ರ ಕೂತಿದಾಳೆ. ಒಳ್ಳೆಯವಳು, ಇಲ್ಲ ಅನ್ನಲ್ಲ. ಟೀ ಬಗ್ಗೆ ಕೇಳ್ತೀರಾ? ಬಿಸಿಯಾಗಿರುತ್ತೆ. ಅದಕ್ಕಿಂತ ಹೆಚ್ಚು ಹೇಳೋಕೆ ನನಗೆ ಧೈರ್ಯ ಇಲ್ಲ. ಹಗಲು ಅವಳ ಬಾಯಿ, ರಾತ್ರಿ ಅವಳ ಮೂಗು. ಗೊರಕೆ ಅಂದ್ರೆ ಹಳೇ ಟೂ-ಸ್ಟ್ರೋಕ್ ಗಾಡೀನೇ. ಮೊದಲು ಒಂದೆರಡು ಸಲ ಕಿಕ್ ಹೊಡೆದ ಹಾಗೆ ಕೊರ್ ಕೊರ್ ಅನ್ನುತ್ತೆ, ಆಮೇಲೆ ಹತ್ಕೊಳ್ತು ಅಂದ್ರೆ ಬೆಳಗಿನವರೆಗೂ ನಿಲ್ಲಲ್ಲ. ನನಗೆ ಮಾತಾಡೋಕೆ ಒಂದು ಸಂದು ಬಿಡಬೇಕಲ್ಲ? ಮದುವೆ ಆದಾಗಿಂದ ನಾನು ಶುರು ಮಾಡಿದ ಒಂದು ವಾಕ್ಯಾನಾದ್ರೂ ನಾನೇ..."

ಇಲ್ಲಿ ಸ್ಪೀಕರ್ ಸತ್ತಿತು. ಮಾವನ ಹೆಂಡತಿ ಟೀ ಸೌಟನ್ನು ಹಿಡಿದುಕೊಂಡೇ ಅಟ್ಟಣಿಗೆಯ ಬುಡಕ್ಕೆ ನಡೆದು ಬಂದು ವೈರನ್ನು ಕಿತ್ತಿದ್ದಳು. ಈ ವಾಕ್ಯವನ್ನೂ ಅವಳೇ ಮುಗಿಸಿದಂತಾಯಿತು.

ಮೈಕಿನ ಕೆಂಪು ದೀಪ ಆರಿದ್ದು ಕಂಡು ಮಾವ ಮಫ್ಲರ್ ಬಿಚ್ಚಿ, ವೈರಿನಲ್ಲಿ ಗೊರಗೊರ ಏನಾದರೂ ಬರುತ್ತದೆಯೋ ಎಂದು ಕೇಳಲು ಕಿವಿಯ ಹತ್ತಿ ತೆಗೆದ. ಆಗ ಅವನಿಗೆ ಕೇಳಿಸಿದ್ದು ನಗು. ಮೆಟ್ಟಿಲ ಮೇಲಿನವರು ನಗುತ್ತಿದ್ದರು, ಬೇಲಿಯಾಚೆ ಮಹಡಿಗಳಲ್ಲಿ ನಿಂತವರು ನಗುತ್ತಿದ್ದರು, ಡಾಕ್ಟರಮ್ಮ ಹೆಲ್ಮೆಟ್ಟಿನೊಳಗೆ ನಗುತ್ತಾ ದಿಬ್ಬ ತಪ್ಪಿ ಪಕ್ಕದ ಹುಲ್ಲಿನ ಮೇಲೆ ಬೈಕು ನಿಲ್ಲಿಸಿಕೊಂಡಿದ್ದಳು. ಅವನ ಕಣ್ಣೆದುರೇ ಒಂದು ಬೈಕು ದಿಬ್ಬದಿಂದ ಹಾರಿ ಇಳಿಯಿತು. ಹೊಲಿಗೆ ಮೆಷಿನ್ನಿನಷ್ಟೂ ಸದ್ದು ಮಾಡಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಮಾವ ಒಂದೇ ಮಧ್ಯಾಹ್ನ ಮುತ್ತಿನಂಗಡಿಯನ್ನೇ ಒಡೆದು ಕೂತಿದ್ದ. ಏಣಿ ಇಳಿಯುವ ಧೈರ್ಯವಾಗದೆ, ಜನವೆಲ್ಲ ಖಾಲಿಯಾಗುವವರೆಗೂ ಅಟ್ಟಣಿಗೆಯ ಮೇಲೆ ಮಫ್ಲರ್ ಮಡಿಸುತ್ತಾ ಕೂತ. ಅದನ್ನು ಅಷ್ಟು ಒಪ್ಪವಾಗಿ ಅವನು ಹಿಂದೆಂದೂ ಮಡಿಸಿರಲಿಲ್ಲ.

ಮರುದಿನ ಭಾಮೈದ ಅಂಗಡಿಗೆ ಬಂದ. ಕೈಯಲ್ಲಿ ಒಗೆದು ಇಸ್ತ್ರಿ ಮಾಡಿದ ಬಿಳಿ ಶರ್ಟು. ಅದನ್ನು ಮೆಷಿನ್ನಿನ ಮೇಲಿಟ್ಟ.

"ಭಾವ, ಆ ಮಣ್ಣಿನ ವಿಷಯ ಹೇಳಬಾರದಿತ್ತು."

"ತಪ್ಪಾಯ್ತಪ್ಪ."

"ಕೇಳೋವರೆಗೂ ನಾನೂ ಮರೆತೇಹೋಗಿದ್ದೆ. ಇರಲಿ. ಮುಂದಿನ ರೇಸಿಗೆ ಬನ್ನಿ. ಆದ್ರೆ ಟ್ರ್ಯಾಕಿನ ಮೇಲೆ ಏನಾಗುತ್ತೋ ಅದನ್ನು ಮಾತ್ರ ಹೇಳಿ. ಯಾರು ಮುಂದೆ, ಯಾರು ಹಿಂದೆ. ಅಷ್ಟೇ."

"ನನ್ನನ್ನ ಬಿಟ್ಟು ಬೇರೆ ಯಾರನ್ನಾದ್ರೂ ನೋಡ್ಕೊಳ್ಳೋದು ವಾಸಿ."

"ವಿಚಾರಿಸಿದೆ ಭಾವ. ಎಲ್ಲರೂ ದುಡ್ಡು ಕೇಳ್ತಾರೆ" ಎಂದು ಭಾಮೈದ ಪ್ರಾಮಾಣಿಕವಾಗಿ ಹೇಳಿದ. "ಅಲ್ದೆ ಟಿಕೆಟ್ ಕೇಳೋಕೆ ಬಂದವರೆಲ್ಲ ಮಾವ ಇರ್ತಾರಾ ಅಂತ ಕೇಳ್ತಿದಾರೆ."

ಭಾಮೈದನದು ಅಲ್ಲಿಗೆ ತೀರಿತು. ತೀರದೆ ಉಳಿದದ್ದು ಮನೆಯದು. ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಮಾವ ಬದುಕಿಕೊಳ್ಳುತ್ತಿದ್ದ. ಅವಳು ಮಾತು ಬಿಟ್ಟಳು. ಊಟಕ್ಕೆ ಕರೆಯಬೇಕಾದರೆ ಫ್ರಿಜ್ಜಿನ ಕಡೆ ತಿರುಗಿ, "ಅನ್ನ ಆಗಿದೆ" ಎನ್ನುತ್ತಿದ್ದಳು. ಫ್ರಿಜ್ಜು ಬರುತ್ತಿರಲಿಲ್ಲ, ಮಾವ ಬರುತ್ತಿದ್ದ. ಹಾಲು ಮುಗಿದ ಸುದ್ದಿಯನ್ನು ಕಿಟಕಿಗೆ ತಿಳಿಸುತ್ತಿದ್ದಳು. ಮಲಗುವಾಗ ಮೂಗಿಗೆ ಸೆರಗು ಅಡ್ಡ ಹಿಡಿದು ಗೋಡೆಯ ಕಡೆ ಮುಖ ಮಾಡುತ್ತಿದ್ದಳು.

ಈಗ ಮನೆಯಲ್ಲಿ ಮಾತಿಗೆ ಬೇಕಾದಷ್ಟು ಜಾಗ. ಸಂದೇನು, ಬಯಲೇ ಸಿಕ್ಕಿತ್ತು. ಮಾವ ಒಂದು ಸಂಜೆ ಗಂಟಲು ಸರಿಮಾಡಿಕೊಂಡು, "ಇವತ್ತು ಅಂಗಡಿಗೆ ಒಬ್ಬ ಬಂದಿದ್ದ" ಎಂದು ಶುರು ಮಾಡಿದ. ಯಾರೂ ತಡೆಯಲಿಲ್ಲ. "ಸೀಟು ಸರಿಯಾಗಿಲ್ಲ ಅಂದ" ಎಂದ. ಆಗಲೂ ತಡೆಯಲಿಲ್ಲ. "ನಾನು ಸುಮ್ಮನಿದ್ದೆ" ಎಂದು ಮುಗಿಸಿದ. ಮುಗಿಸಿದ ಮೇಲೆ ಆ ವಾಕ್ಯ ಊಟದ ತಟ್ಟೆಯ ಪಕ್ಕದಲ್ಲಿ ಯಾರಿಗೂ ಬೇಡವಾಗಿ ಬಿದ್ದುಕೊಂಡಿತು. ಇಷ್ಟು ಸಪ್ಪೆ ವಾಕ್ಯಗಳನ್ನು ಅವಳು ದಿನವೂ ಅರ್ಧಕ್ಕೇ ಎತ್ತಿಕೊಂಡು ಹೋಗಿ ಉಪಕಾರ ಮಾಡುತ್ತಿದ್ದಳೇ ಎಂದು ಅವನಿಗೆ ಮೊದಲ ಸಲ ಅನುಮಾನ ಬಂತು.

ರೇಸಿಗೆ ಹಿಂದಿನ ದಿನ ಸಂಜೆ ಸವಾರರು ಅಭ್ಯಾಸಕ್ಕೆ ಬಂದಿದ್ದರು. ಗೇಟಿನಲ್ಲಿ ಟೀ ಕಾಯಿಸಲು ಹೆಂಡತಿಯೂ ಬಂದಿದ್ದಳು, ಸ್ಕೂಟರಿನ ಹಿಂದೆ ಕೂತು, ದಾರಿಯುದ್ದಕ್ಕೂ ಒಂದೂ ಮಾತಿಲ್ಲದೆ. ಮಾವ ಅಟ್ಟಣಿಗೆ ಹತ್ತಿ, ಮೈಕು ಹಚ್ಚದೆ, ಹತ್ತಿಯಿಲ್ಲದ ಕಿವಿಯಲ್ಲಿ, ಹೇಳಿ ಕಲಿಯೋಣ ಎಂದು ಕೂತ. ಬೈಕುಗಳು ಹೊರಟವು. ಆಗ ತಿಳಿಯಿತು ತನ್ನ ಗತಿ. ಇಷ್ಟು ವರ್ಷ ಮೇಲೆ ಕೂತರೂ ಅವನಿಗೆ ಯಾರು ಯಾರೆಂದೇ ಗೊತ್ತಾಗುತ್ತಿರಲಿಲ್ಲ. ಹೆಲ್ಮೆಟ್ಟು, ಮೈಗೆ ದಪ್ಪ ಕವಚ ಹಾಕಿದ ಮೇಲೆ ಎಲ್ಲರೂ ಒಂದೇ. ಅವನಿಗೆ ಗುರುತು ಸಿಗುತ್ತಿದ್ದದ್ದು ಸೀಟುಗಳು ಮಾತ್ರ. ಅವುಗಳ ಮೇಲೆ ಜನ ಕೂತುಬಿಟ್ಟಿದ್ದರು.

"ನೀಲಿ ಬೈಕು ಮುಂದೆ ಇದೆ," ಎಂದು ತನಗೆ ತಾನೇ ಹೇಳಿಕೊಂಡ. "ಅದರ ಹಿಂದೆ ಇನ್ನೊಂದು ನೀಲಿ ಬೈಕು. ಈಗ ಒಬ್ಬರು ಎದ್ದು ನಿಂತರು, ಜೋಡಿ ಹೊಲಿಗೆ ಹಾಕಿದ ಸೀಟು ಕಾಣ್ತಿದೆ, ಅಂದ್ರೆ ಇದು ಡಾಕ್ಟರಮ್ಮ..."

"ಅಲ್ಲ" ಎಂದಿತು ಹಿಂದಿನಿಂದ ಒಂದು ದನಿ.

ಮಾವ ತಿರುಗಿದ. ಹೆಂಡತಿ ಏಣಿಯ ಕೊನೆಯ ಮೆಟ್ಟಿಲ ಮೇಲೆ ಟೀ ಲೋಟ ಹಿಡಿದು ನಿಂತಿದ್ದಳು. ಸುಮ್ಮನೆ ಇಟ್ಟು ಹೋಗುವುದು ಅವಳ ಯೋಜನೆಯಾಗಿತ್ತು. ಆದರೆ ತಪ್ಪಾಗಿ ಮುಗಿಯುತ್ತಿರುವ ವಾಕ್ಯವನ್ನು ಕೇಳಿಕೊಂಡು ಸುಮ್ಮನಿರುವುದು ಅವಳ ಜಾಯಮಾನದಲ್ಲೇ ಇರಲಿಲ್ಲ.

"ಅದು ಮೀನಂಗಡಿಯವನು, ಇವತ್ತು ಅವಳ ಬೈಕು ಹತ್ತಿದಾನೆ. ಡಾಕ್ಟರಮ್ಮ ತಿರುವಿಗೆ ಮುಂಚೆ ಎಡ ಮೊಣಕೈ ಎತ್ತುತ್ತಾಳೆ, ಕೋಳಿ ರೆಕ್ಕೆ ಎತ್ತಿದ ಹಾಗೆ. ನೋಡಿ, ಅಗೋ ಅಲ್ಲಿ, ಅವಳು."

ಮಾವ ನೋಡಿದ. ಮೊಣಕೈ ಎದ್ದಿತು. ಅವಳೇ.

"ಮೀನಂಗಡಿಯವನು ದೊಡ್ಡ ದಿಬ್ಬದ ಮೇಲೆ ಹಾರಿದಾಗ ಕಣ್ಣು ಮುಚ್ಚಿಬಿಡ್ತಾನೆ. ಅದಕ್ಕೇ ಇಳಿಯೋವಾಗ ದಾರಿ ತಪ್ಪೋದು."

"ಇಲ್ಲಿಂದ ಅವನ ಕಣ್ಣು ನಿನಗೆ ಕಾಣುತ್ತಾ?"

"ಕಣ್ಣು ಯಾಕೆ ಕಾಣಬೇಕು? ಕುತ್ತಿಗೆ ನೋಡಿ. ಭುಜದೊಳಗೆ ಹೋಗುತ್ತೆ ಆಮೆ ತರ. ಕಣ್ಣು ಬಿಟ್ಕೊಂಡವರು ಯಾರಾದ್ರೂ ಹಾಗೆ ಮಾಡ್ತಾರಾ?"

ಪೆಟ್ರೋಲು ಗಾಡಿಗಳ ಕಾಲದಲ್ಲಿ ರೇಸು ನಡೆಯುವಾಗ ಯಾರೂ ಟೀ ಕೇಳಲು ಬರುತ್ತಿರಲಿಲ್ಲ. ಮಾತಾಡೋಣವೆಂದರೆ ಗಾಡಿಗಳ ಸದ್ದು. ಬೇರೇನೂ ಮಾಡಲು ತೋಚದೆ ಅವಳು ಪ್ರತಿ ಭಾನುವಾರ ಪ್ರತಿ ಸುತ್ತನ್ನೂ ಕಣ್ಣು ಮಿಟುಕಿಸದೆ ನೋಡಿದ್ದಳು. ಮಾವ ಸರಿದು ಬೆಂಚಿನ ಮೇಲೆ ಜಾಗ ಮಾಡಿದ. ಅವಳು ಬೆಂಚಿನ ತೀರಾ ಅಂಚಿನಲ್ಲಿ ಕೂತಳು. ಇಬ್ಬರೂ ಒಂದಷ್ಟು ಸುತ್ತು ನೋಡಿದರು.

"ಇಷ್ಟು ವರ್ಷಾನೂ ಅದನ್ನೇ ಹೇಳ್ತಿದ್ರಾ ಇಲ್ಲಿ ಕೂತು?" ಎಂದು ಅವಳು ಟ್ರ್ಯಾಕ್ ನೋಡುತ್ತಲೇ ಕೇಳಿದಳು.

"ಅದನ್ನೇ ಅಂತಲ್ಲ. ಮಂಡಿ ನೋವಿನ ವಿಷಯಾನೂ ಹೇಳ್ತಿದ್ದೆ."

"ಗೊರಕೆ?"

"ಒಂದೊಂದು ಸಲ."

"ಟೀ?"

"ಟೀ ಸ್ವಲ್ಪ ಜಾಸ್ತಿ."

ಅವಳು ಕೈಯಲ್ಲಿದ್ದ ಲೋಟವನ್ನು ನೋಡಿದಳು. ಅದನ್ನು ಅವನಿಗೆ ಕೊಡದೆ ತಾನೇ ಒಂದು ಗುಟುಕು ಕುಡಿದಳು. ಮುಖ ಸ್ವಲ್ಪ ಹುಳ್ಳಗಾಯಿತು.

"ಒಳ್ಳೇದು ಅಂತ ಒಂದು ಮಾತೂ ಹೇಳ್ಲಿಲ್ವಾ ನನ್ನ ಬಗ್ಗೆ?"

"ಹೇಳ್ತಿದ್ದೆ" ಎಂದ ಮಾವ, ಕಿವಿಯವರೆಗೂ ಕೆಂಪಾಗಿ. "ಫೈನಲ್ ರೇಸಲ್ಲಿ. ಆಗ ಸದ್ದು ಇನ್ನೂ ಜಾಸ್ತಿ ಇರ್ತಿತ್ತು."

ಅವಳ ನಗು ಮೊದಲು ಮೂಗಿನಲ್ಲಿ ಶುರುವಾಯಿತು. ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡಳು. ಆಗಲಿಲ್ಲ. ಅವಳು ನಕ್ಕ ರಭಸಕ್ಕೆ ಲೋಟದ ಟೀ ಚೆಲ್ಲಿ ಮಾವನ ಪ್ಯಾಂಟಿನ ಮೇಲೆ ಬಿತ್ತು. ಬಿಸಿಯಾಗಿಯೇ ಇತ್ತು.

ಮರುದಿನ ಅಟ್ಟಣಿಗೆಯ ಮೇಲೆ ಇಬ್ಬರು ಕೂತಿದ್ದರು. ಒಪ್ಪಂದ ಏನೆಂದರೆ, ಅವಳು ಕಿವಿಯಲ್ಲಿ ಪಿಸುಗುಟ್ಟಬೇಕು, ಅವನು ಮೈಕಿನಲ್ಲಿ ಹೇಳಬೇಕು. ಗೇಟಿನ ಟೀ ಒಲೆಯ ಮುಂದೆ ಭಾಮೈದ ತಾನೇ ನಿಂತಿದ್ದ, ಏಕೆಂದರೆ ಬೇರೆಯವರನ್ನು ನಿಲ್ಲಿಸಿದರೆ ಅವರಿಗೂ ಏನಾದರೂ ಕೊಡಬೇಕಾಗುತ್ತಿತ್ತು. ಬಾವುಟ ಬಿತ್ತು. ಒಂದು ಸುತ್ತು ಒಪ್ಪಂದದಂತೆ ನಡೆಯಿತು. ಆದರೆ ಪಿಸುಗುಟ್ಟುವುದು ಅವಳಿಗೆ ಬಾರದ ವಿದ್ಯೆ. ಅವಳ ಪಿಸುಮಾತು ಮೈಕಿನಲ್ಲಿ ನೇರವಾಗಿ ಕೇಳಿಸುತ್ತಿತ್ತು, ಅದರ ಹಿಂದೆಯೇ ಅದನ್ನೇ ಹೇಳುವ ಮಾವನ ದನಿ ಬಾವಿಯೊಳಗಿನ ಮಾರ್ದನಿಯಂತೆ ಕೇಳಿಸುತ್ತಿತ್ತು. ಜನ ನಗತೊಡಗಿದರು. ಎರಡನೇ ಸುತ್ತಿನ ಹೊತ್ತಿಗೆ ಮೈಕು ಅವಳ ಕೈಗೆ ಯಾವಾಗ ಹೋಯಿತೋ ಮಾವನಿಗೇ ತಿಳಿಯಲಿಲ್ಲ.

"ಡಾಕ್ಟರಮ್ಮ ಮೊದಲು. ಅವರ ಹಿಂದೇನೇ ಮೀನಂಗಡಿ. ಈಗ ದೊಡ್ಡ ದಿಬ್ಬ ಬಂತು. ಕಣ್ಣು ಬಿಡಪ್ಪಾ ಮಾರಾಯ, ಕಣ್ಣು ಬಿಡು, ಏನೂ ಆಗಲ್ಲ."

ಗಾಳಿಯಲ್ಲಿ ತೇಲುತ್ತಿದ್ದ ಮೀನಂಗಡಿಯವನಿಗೆ ಈ ಮಾತು ಆಕಾಶದಿಂದ ಬಂದಂತೆ ಕೇಳಿಸಿತು. ಪೆಟ್ರೋಲಿನ ಕಾಲದಲ್ಲಿ ಮೇಲೆ ಹಾರಿದವನಿಗೆ ತನ್ನ ಗಾಡಿಯ ಕೂಗು ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ. ಅವನು ಗಾಬರಿಯಲ್ಲಿ ಕಣ್ಣು ಬಿಟ್ಟ. ನೆಲ ಎಲ್ಲಿದೆ ಎಂದು ಮೊದಲ ಸಲ ನೋಡಿಕೊಂಡ. ಬೈಕು ದಾರಿಯ ಮಧ್ಯದಲ್ಲಿ ಮೆತ್ತಗೆ ಇಳಿಯಿತು. ಅಲ್ಲಿಂದ ಅವನು ಡಾಕ್ಟರಮ್ಮನ ಬೆನ್ನು ಬಿಡಲಿಲ್ಲ.

"ಬಲಗಡೆಯಿಂದ ಬರ್ತಿದಾನೆ, ಬಲಗಡೆ ಜಾಗ ಇದೆ" ಎಂದಳು ಅಟ್ಟಣಿಗೆಯ ಮೇಲಿನಿಂದ. ಡಾಕ್ಟರಮ್ಮನಿಗೂ ಕಿವಿಯಿದೆಯಲ್ಲ. ಅವಳು ತಕ್ಷಣ ಬಲಕ್ಕೆ ಸರಿದು ಆ ಜಾಗ ಮುಚ್ಚಿದಳು.

"ಅತ್ತೇ, ಹೇಳ್ಕೊಡಬೇಡಿ" ಎಂದು ಮೀನಂಗಡಿಯವನು ಓಡುವ ಬೈಕಿನಿಂದಲೇ ಕೂಗಿದ. ಆ ಕೂಗು ಎಲ್ಲರಿಗೂ ಕೇಳಿಸಿತು. "ಸರಿಯಪ್ಪಾ, ಇನ್ನು ಹೇಳಲ್ಲ" ಎಂದು ಅವಳು ಮೈಕಿನಲ್ಲೇ ಉತ್ತರ ಕೊಟ್ಟಳು. ಮಾವ ಬೆಂಚಿನ ಮೇಲೆ ಎದ್ದು ನಿಂತಿದ್ದ. ಅವನಿಗೆ ಹೇಳಲು ಏನೂ ಇರಲಿಲ್ಲ, ನೋಡಲು ಮಾತ್ರ ಬೇಕಾದಷ್ಟಿತ್ತು. ಮೊಣಕೈ ಎದ್ದದ್ದು, ಕುತ್ತಿಗೆ ಉದ್ದವಾದದ್ದು, ಕೊನೆಯ ತಿರುವಿನಲ್ಲಿ ಇಬ್ಬರ ಮುಂದಿನ ಗಾಲಿಗಳು ಒಂದರ ಪಕ್ಕ ಒಂದು ಬಂದದ್ದು, ಎಲ್ಲವನ್ನೂ ಬಾಯಿ ತೆರೆದು ನೋಡಿದ. ಇಷ್ಟು ಒಳ್ಳೆಯ ಆಟವನ್ನು ಇಷ್ಟು ವರ್ಷ ಬೆನ್ನ ಹಿಂದೆ ಇಟ್ಟುಕೊಂಡು ತಾನು ಭಾಮೈದನ ಶರ್ಟಿನ ಬಗ್ಗೆ ಮಾತಾಡಿದೆನಲ್ಲ ಎಂದು ಅವನಿಗೆ ನಿಜಕ್ಕೂ ಹೊಟ್ಟೆ ಉರಿಯಿತು.

ಡಾಕ್ಟರಮ್ಮ ಗೆದ್ದಳು, ಕೂದಲೆಳೆಯಷ್ಟು ಮುಂದಿದ್ದು. ಮೀನಂಗಡಿಯವನು ಹೆಲ್ಮೆಟ್ ಬಗಲಿಗೆ ಸಿಕ್ಕಿಸಿಕೊಂಡು ಅಟ್ಟಣಿಗೆಯ ಬುಡಕ್ಕೆ ಬಂದ. ಜಗಳಕ್ಕೆ ಬಂದಂತಿತ್ತು.

"ಅತ್ತೆ, ಇದು ನ್ಯಾಯ ಅಲ್ಲ. ಬಲಗಡೆ ಎಡಗಡೆ ಅಂತ ನೀವು ಹೇಳಬಾರದು. ಕಣ್ಣಿನ ವಿಷಯ ಮಾತ್ರ ಹೇಳಿ."

"ಕಣ್ಣಿನ ವಿಷಯ ಹೇಳಿದ್ರೆ ಪರವಾಗಿಲ್ವಾ?"

"ಅದನ್ನ ಪ್ರತಿ ಸುತ್ತಿಗೂ ಹೇಳಿ" ಎಂದ ಅವನು, ಮಣ್ಣಿನ ಮುಖದಲ್ಲಿ ಹಲ್ಲು ಬಿಟ್ಟು. ಹೊಸ ಬೈಕಿನ ಮೇಲಿದ್ದ ಅವನ ಮುನಿಸು ಆವತ್ತಿಗೆ ಅರ್ಧ ಇಳಿಯಿತು. ಉಳಿದರ್ಧಕ್ಕೆ ಅವನು ಬೈಕಿನ ಸೀಟಿನಡಿ ಪೆಟ್ರೋಲಿನಲ್ಲಿ ಅದ್ದಿದ ಒಂದು ಚೂರು ಬಟ್ಟೆ ಇಡಬಹುದೇ ಎಂದು ಮಾವನನ್ನು ಕೇಳಿದ. ಬ್ಯಾಟರಿಯ ಹತ್ತಿರ ಅಂಥದ್ದು ಇಟ್ಟರೆ ಸೀಟಿನ ಜೊತೆ ನೀನೂ ಹೋಗುತ್ತೀಯ ಎಂದು ಮಾವ ಒಪ್ಪಲಿಲ್ಲ.

ಅಂದಿನಿಂದ ಮೈಕು ಅವಳದಾಯಿತು. ಮಾವನ ಹೆಸರು ಮಾತ್ರ ಬದಲಾಗಲಿಲ್ಲ. ಊರಿನ ಬಾಯಿಗೆ ಒಮ್ಮೆ ಬಂದ ಹೆಸರು ಅಷ್ಟು ಸುಲಭವಾಗಿ ಬಿಡುತ್ತದೆಯೇ. ಅವನು ಪಕ್ಕದಲ್ಲಿ ಕೂತು ಅವಳಿಗೆ ನೀರು ಕೊಡುವುದು, ಕಳೆದುಹೋದ ಕೀಲಿಕೈ ವಿಷಯ ಹೇಳುವುದು, ಮಿಕ್ಕ ಹೊತ್ತು ನೋಡುವುದು, ಹೀಗೆ ಕೆಲಸ ಹಂಚಿಕೊಂಡರು. ನಡುನಡುವೆ ಅವನೂ ಒಂದೊಂದು ಮಾತು ಸೇರಿಸುವುದುಂಟು. ಜನಕ್ಕೆ ಅದೂ ಬೇಕಿತ್ತು. ಗಂಡ ಹೆಂಡಿರ ವಾದ ಜೋರಾದ ದಿನ ರೇಸು ಮುಗಿದರೂ ಕೆಲವರು ಮೆಟ್ಟಿಲಿನಿಂದ ಏಳುತ್ತಿರಲಿಲ್ಲ.

ಅವಳು ಮೊದಲು ಮೈಕು ಹಿಡಿದ ಆ ಭಾನುವಾರ ಸಂಜೆ ಸ್ಕೂಟರಿನಲ್ಲಿ ಮನೆಗೆ ಹೋಗುವಾಗ ಮಾವ ಹೇಳಿದ, "ಗೆರೆಗೆ ಗಾಲಿ ಮುಟ್ಟಿದ್ದು ಮೀನಂಗಡಿಯವನದೇ ಮೊದಲು."

"ನಿಮಗೆ ಕಣ್ಣಿಲ್ಲ. ಡಾಕ್ಟರಮ್ಮನದು."

"ನಾನು ಎದ್ದು ನಿಂತು ನೋಡಿದೀನಿ."

"ಎದ್ದು ನಿಂತವರಿಗೆ ಕಾಣಲ್ಲ, ಕೂತು ನೋಡಬೇಕು."

ಮಾತಿನ ಭರದಲ್ಲಿ ತಿರುಗಬೇಕಾದ ಬೀದಿ ಹಿಂದೆ ಉಳಿಯಿತು. ಗಾಡಿ ತಿರುಗಿಸಿಕೊಂಡು ಬಂದರು. ಮನೆಗೆ ಬಂದ ಮೇಲೂ ಅದು ಮುಗಿಯಲಿಲ್ಲ. ಅವಳು ಅಡುಗೆಮನೆಯ ಕಟ್ಟೆಯ ಮೇಲೆ ಎರಡು ಲೋಟ ಇಟ್ಟು, ಇದು ಡಾಕ್ಟರಮ್ಮ, ಇದು ಮೀನಂಗಡಿಯವನು ಎಂದು ತೋರಿಸತೊಡಗಿದಳು. ಮಾವ ಒಂದು ಲೋಟವನ್ನು ಬೆರಳಿನಿಂದ ಸ್ವಲ್ಪ ಹಿಂದಕ್ಕೆ ಸರಿಸಿದ. ಅವಳು ಅದನ್ನು ಮತ್ತೆ ಮುಂದಕ್ಕೆ ತಂದಳು. ಅವತ್ತು ಊಟ ತಡವಾಯಿತು.